ಕ್ಲಾಸಿಕ್ ರಾಕ್ ಸಂಕಲನ: ಹಾಡುಗಳನ್ನು ಪೂರ್ತಿ ಕೇಳಿಸಿ

ಮಾನ್ಯ ಸಂಪಾದಕರೇ,

ಕ್ಲಾಸಿಕ್ ರಾಕ್ ಸಂಗೀತವನ್ನು, ಎಂದರೆ ಮುಖ್ಯವಾಗಿ 1960 ಮತ್ತು 70ರ ದಶಕಗಳ ರಾಕ್ ಹಾಡುಗಳನ್ನು, ಹೊಸ ಕೇಳುಗರಿಗೆ ಪರಿಚಯಿಸಲು ಎರಡು ಸಿ.ಡಿ.ಗಳ ಸಂಕಲನವೊಂದನ್ನು ತಂದರೆ ಅದರಲ್ಲಿ ಯಾವ 40 ಹಾಡುಗಳಿರಬೇಕು ಎಂದು ಕೇಳಿ ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನೂ ಅದರ ಬೆನ್ನಿಗೆ ಬಂದ ಓದುಗರ ಪತ್ರಗಳನ್ನೂ ನಾನು ಒಂದೂ ಬಿಡದೆ ಓದಿದ್ದೇನೆ. ಲೆಡ್ ಜೆಪ್ಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ ಇಲ್ಲದ ಪಟ್ಟಿ ಪಟ್ಟಿಯೇ ಅಲ್ಲ ಎಂದು ಒಬ್ಬರು, ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸೊಡಿ’ಗೆ ಮೊದಲ ಸ್ಥಾನ ಸಲ್ಲಬೇಕು ಎಂದು ಇನ್ನೊಬ್ಬರು, ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ವನ್ನು ಮರೆತಿರೇಕೆ ಎಂದು ಮತ್ತೊಬ್ಬರು ವಾದಿಸಿದ್ದಾರೆ. ಈ ವಾದಗಳ ಹಿಂದಿರುವ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಎಲ್ಲರೂ ಹಾಡಿನ ಹೆಸರನ್ನಷ್ಟೇ ಹಿಡಿದು ಮಾತಾಡಿದ್ದಾರೆ. ಆ ಹೆಸರಿನಲ್ಲಿರುವ ಯಾವ ಧ್ವನಿಮುದ್ರಣವನ್ನು ಆರಿಸಬೇಕು, ಅದು ಎಷ್ಟು ನಿಮಿಷದ್ದಾಗಿರಬೇಕು ಎಂಬುದನ್ನು ಯಾರೂ ಕೇಳಿಲ್ಲ. ಸಂಕಲನವೊಂದರ ಯೋಗ್ಯತೆ ತೀರ್ಮಾನವಾಗುವುದು ಈ ಪ್ರಶ್ನೆಯಲ್ಲೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲಿಗೆ ಲೆಕ್ಕವನ್ನೇ ನೋಡೋಣ. ಒಂದು ಸಿ.ಡಿ.ಯಲ್ಲಿ ಹೆಚ್ಚೆಂದರೆ ಸುಮಾರು 80 ನಿಮಿಷಗಳ ಸಂಗೀತ ಹಿಡಿಯುತ್ತದೆ. ಎರಡು ಸಿ.ಡಿ.ಗಳಿಗೆ 160 ನಿಮಿಷ. 40 ಹಾಡುಗಳಿಗೆ ಹಂಚಿದರೆ ತಲಾ 4 ನಿಮಿಷ. ಆದರೆ ಲೇಖಕರ ಪಟ್ಟಿಯಲ್ಲೇ ಇರುವ ‘ಸ್ಟೇರ್‌ವೇ ಟು ಹೆವನ್’ 8 ನಿಮಿಷದ್ದು, ಲಿನರ್ಡ್ ಸ್ಕಿನರ್ಡ್ ತಂಡದ ‘ಫ್ರೀ ಬರ್ಡ್’ 9 ನಿಮಿಷದ್ದು, ಡೋರ್ಸ್ ತಂಡದ ‘ಲೈಟ್ ಮೈ ಫೈರ್’ ಮತ್ತು ಡೆರೆಕ್ ಅಂಡ್ ದ ಡಾಮಿನೋಸ್ ತಂಡದ ‘ಲೈಲಾ’ ತಲಾ 7 ನಿಮಿಷದವು, ದಿ ಹೂ ತಂಡದ ‘ವೋಂಟ್ ಗೆಟ್ ಫೂಲ್ಡ್ ಅಗೇನ್’ ಎಂಟೂವರೆ ನಿಮಿಷದ್ದು, ಡೀಪ್ ಪರ್ಪಲ್ ತಂಡದ ‘ಚೈಲ್ಡ್ ಇನ್ ಟೈಮ್’ 10 ನಿಮಿಷಕ್ಕೂ ಮೀರಿದ್ದು. ಈ ಆರು ಹಾಡುಗಳಿಗೇ ಸುಮಾರು 50 ನಿಮಿಷ ಹೋಗುತ್ತದೆ. ಉಳಿದ 34 ಹಾಡುಗಳಿಗೆ ಮಿಕ್ಕುವುದು 110 ನಿಮಿಷ, ಅಂದರೆ ಒಂದಕ್ಕೆ ಮೂರೂಕಾಲು ನಿಮಿಷದ ಆಸುಪಾಸು. ಹೀಗಾಗಿ 40 ಎಂಬ ಸಂಖ್ಯೆಯನ್ನು ಮೊದಲೇ ನಿಗದಿ ಮಾಡಿಕೊಂಡವರು ಕತ್ತರಿಯನ್ನು ಕೈಗೆತ್ತಿಕೊಳ್ಳದೆ ಬೇರೆ ದಾರಿಯಿಲ್ಲ. ಜಾಗ ಸಾಲದೆಂದು ಹಾಡನ್ನು ಕತ್ತರಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನನ್ನ ಸ್ವಂತ ಅನುಭವವೂ ಕಾರಣ. ‘ಲೈಲಾ’ ಹಾಡನ್ನು ನಾನು ಮೊದಲು ಕೇಳಿದ್ದು ಒಂದು ಅಗ್ಗದ ಸಂಕಲನದ ಕ್ಯಾಸೆಟ್ಟಿನಲ್ಲಿ. ಎರಡೂಮುಕ್ಕಾಲು ನಿಮಿಷಕ್ಕೆ ಹಾಡು ಮುಗಿದುಹೋಗುತ್ತಿತ್ತು. ಗಿಟಾರಿನ ಆ ಮೊದಲ ಏಳು ಸ್ವರಗಳು, ಎರಿಕ್ ಕ್ಲಾಪ್ಟನ್ ಅವರ ಅಂಗಲಾಚುವ ಕಂಠ, ನಂತರ ಮೆಲ್ಲಗೆ ಸದ್ದಡಗುವುದು. ಹಾಡೆಂದರೆ ಇಷ್ಟೇ ಎಂದು ನಾನು ಹಲವು ವರ್ಷ ನಂಬಿಕೊಂಡಿದ್ದೆ. ಆಮೇಲೊಮ್ಮೆ ಗೆಳೆಯರೊಬ್ಬರ ಮನೆಯಲ್ಲಿ ಮೂಲ ಎಲ್‌ಪಿ ತಟ್ಟೆಯನ್ನು ಕೇಳುತ್ತಿದ್ದಾಗ, ನನ್ನ ಪಾಲಿಗೆ ಹಾಡು ಮುಗಿಯಬೇಕಿದ್ದ ಜಾಗದಲ್ಲಿ ಪಿಯಾನೋ ಶುರುವಾಯಿತು. ಡ್ರಮ್ಸ್ ವಾದಕ ಜಿಮ್ ಗಾರ್ಡನ್ ಅವರ ಆ ಪಿಯಾನೋ ಭಾಗವೂ ಅದರ ಮೇಲೆ ತೇಲುವ ಡ್ವೇನ್ ಆಲ್‌ಮನ್ ಅವರ ಸ್ಲೈಡ್ ಗಿಟಾರೂ ಸೇರಿ ಹಾಡಿನ ಅರ್ಧಕ್ಕಿಂತ ಹೆಚ್ಚನ್ನು ತುಂಬಿಕೊಂಡಿವೆ. ಮೊದಲರ್ಧದಲ್ಲಿ ಪ್ರೇಮಿಯೊಬ್ಬ ಗೋಗರೆಯುತ್ತಾನೆ. ಎರಡನೆಯ ಅರ್ಧದಲ್ಲಿ ಮಾತು ಸೋತು ವಾದ್ಯಗಳಷ್ಟೇ ಉಳಿಯುತ್ತವೆ. ಆ ಮೌನವೇ ಇಲ್ಲದ ಮೇಲೆ ಆ ಗೋಗರೆತಕ್ಕೆ ಏನು ಅರ್ಥ? ಅಂದು ನನಗೆ ಸಂತೋಷಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ನನಗೆ ಯಾರೋ ವಂಚಿಸಿದ್ದರೆಂಬ ದುಃಖವಾಯಿತು. 1971ರಲ್ಲಿ ಸಿಂಗಲ್ ತಟ್ಟೆಯಾಗಿ, ಎಂದರೆ ಬದಿಗೊಂದೇ ಹಾಡಿರುವ ಚಿಕ್ಕ ತಟ್ಟೆಯಾಗಿ, ಹೊರಬಂದ ಆ ಮೊಟಕು ರೂಪ ಹೆಚ್ಚು ಜನರನ್ನು ತಲುಪಲಿಲ್ಲ. 1972ರಲ್ಲಿ ಏಳು ನಿಮಿಷದ ಪೂರ್ಣ ರೂಪವನ್ನೇ ಮತ್ತೆ ಬಿಟ್ಟಾಗ ಅದು ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮೊದಲ ಹತ್ತು ಹಾಡುಗಳ ಸಾಲಿಗೆ ಸೇರಿತು. ಉದ್ದದ ಹಾಡನ್ನು ಕೇಳುವ ತಾಳ್ಮೆ ಜನರಿಗಿಲ್ಲ ಎನ್ನುವವರಿಗೆ ಕೇಳುಗರೇ ಅಂದು ಉತ್ತರ ಕೊಟ್ಟಿದ್ದಾರೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ, ಅದನ್ನು ಬದಿಗೆ ಸರಿಸಿ ಮುಂದೆ ಹೋಗಲಾರೆ. 1967ರಲ್ಲಿ ‘ಲೈಟ್ ಮೈ ಫೈರ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತಲ್ಲ, ಅದು ಮೂರು ನಿಮಿಷಕ್ಕೂ ಕಡಿಮೆಯ ರೂಪ. ರೇ ಮಂಜಾರೆಕ್ ಅವರ ಆರ್ಗನ್, ರಾಬಿ ಕ್ರೀಗರ್ ಅವರ ಗಿಟಾರ್ ಒಂದಾದ ಮೇಲೊಂದು ಹರಡಿಕೊಳ್ಳುವ ನಡುವಿನ ದೀರ್ಘ ಭಾಗವನ್ನು ಅದರಿಂದ ತೆಗೆದುಹಾಕಲಾಗಿತ್ತು. ಅಂದಿನ ಲಕ್ಷಾಂತರ ಜನ ರೇಡಿಯೋದಲ್ಲಿ ಕೇಳಿ ಒಲಿದದ್ದು ಆ ಚಿಕ್ಕ ರೂಪಕ್ಕೇ ಆಗಿರುವಾಗ ಅದೇ ‘ನಿಜವಾದ’ ಹಾಡು ಏಕಲ್ಲ ಎಂದು ಕೇಳಬಹುದು. ಅಂದಿನ ರೇಡಿಯೋ ಹೇಗಿತ್ತೆಂದು ದಾಖಲಿಸುವ ಸಂಕಲನವಾದರೆ ಆ ರೂಪವೇ ಸರಿ ಎಂದು ನಾನೂ ಒಪ್ಪುತ್ತೇನೆ. ಆದರೆ ರಾಕ್ ಸಂಗೀತ ಮೂರು ನಿಮಿಷದ ಕುಣಿತದ ಹಾಡಿನಿಂದ ಹೇಗೆ ಬೆಳೆಯಿತು, ವಾದ್ಯಗಾರರು ಹಾಡಿನೊಳಗೆ ಅಲೆದಾಡುವ ಸ್ವಾತಂತ್ರ್ಯವನ್ನು ಹೇಗೆ ಪಡೆದುಕೊಂಡರು ಎಂಬುದನ್ನು ಹೊಸ ಕೇಳುಗನಿಗೆ ತೋರಿಸುವುದು ನಮ್ಮ ಉದ್ದೇಶವಾದರೆ, ತೆಗೆದುಹಾಕಿದ ಆ ಭಾಗವೇ ನಾವು ತೋರಿಸಬೇಕಾದದ್ದು. ‘ವೋಂಟ್ ಗೆಟ್ ಫೂಲ್ಡ್ ಅಗೇನ್’ ಹಾಡಿನ ಕೊನೆಯಲ್ಲಿ ಎಲ್ಲ ವಾದ್ಯಗಳೂ ನಿಂತು, ಸಿಂಥಸೈಜರಿನ ಸದ್ದೊಂದೇ ಗಿರಕಿ ಹೊಡೆಯುತ್ತಾ ನಮ್ಮನ್ನು ಕಾಯಿಸಿ ಕಾಯಿಸಿ, ಆಮೇಲೆ ರೋಜರ್ ಡಾಲ್ಟ್ರಿ ಅವರ ಆ ಕೂಗು ಸಿಡಿಯುತ್ತದೆ. ಕಾಯದವನಿಗೆ ಆ ಕೂಗು ಬರಿಯ ಗದ್ದಲ.

ಉದ್ದದ ಹಾಡು ಓಡುವುದಿಲ್ಲ ಎಂಬ ಅಳುಕು ಆಗಲೂ ಇತ್ತು, ಅದು ಸುಳ್ಳಾದದ್ದೂ ಆಗಲೇ. 1965ರಲ್ಲಿ ಬಾಬ್ ಡಿಲನ್ ಅವರ ಆರು ನಿಮಿಷದ ‘ಲೈಕ್ ಎ ರೋಲಿಂಗ್ ಸ್ಟೋನ್’ ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೇರಿತು. 1968ರಲ್ಲಿ ಬೀಟಲ್ಸ್ ತಂಡದ ಏಳು ನಿಮಿಷದ ‘ಹೇ ಜೂಡ್’ ಅಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕುಳಿತಿತ್ತು. 1975ರ ‘ಬೊಹೀಮಿಯನ್ ರಾಪ್ಸೊಡಿ’ ಐದು ನಿಮಿಷ 55 ಸೆಕೆಂಡುಗಳದ್ದು. ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲನೆಯದು. ಆರು ನಿಮಿಷ ದಾಟಿದ ‘ಹೋಟೆಲ್ ಕ್ಯಾಲಿಫೋರ್ನಿಯಾ’ 1977ರಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೆ ಬಂತು. ಹಾಗಾಗಿ ನನ್ನ ಮೊದಲ ನಿಯಮವನ್ನು ಸಡಿಲಿಕೆಯಿಲ್ಲದೆ ಹೇಳುತ್ತೇನೆ: ಹಾಡು ಪೂರ್ತಿ ಬರಬೇಕು, ಇಲ್ಲವೇ ಬರಲೇಬಾರದು. ಐರನ್ ಬಟರ್‌ಫ್ಲೈ ತಂಡದ 17 ನಿಮಿಷದ ‘ಇನ್ ಎ ಗಡ್ಡ ಡ ವೀಡ’ವನ್ನು ಬಿಟ್ಟುಬಿಡುವುದು ನನಗೆ ಒಪ್ಪಿಗೆ; ಅದರ ಮೂರು ನಿಮಿಷದ ತುಂಡನ್ನು ಸೇರಿಸುವುದು ಒಪ್ಪಿಗೆಯಿಲ್ಲ. ಪಿಂಕ್ ಫ್ಲಾಯ್ಡ್ ತಂಡವೇ 2001ರಲ್ಲಿ ತನ್ನ ಸಂಕಲನಕ್ಕಾಗಿ 23 ನಿಮಿಷದ ‘ಎಕೋಸ್’ ಅನ್ನು 16 ನಿಮಿಷಗಳ ಆಸುಪಾಸಿಗೆ ಇಳಿಸಿತು. ಮಾಡಿದವರೇ ಮಾಡಿದರೂ ನನಗೆ ಅದು ಸರಿಯೆನಿಸಿಲ್ಲ.

ಉದ್ದದಷ್ಟೇ ಮುಖ್ಯವಾದ ಇನ್ನೊಂದು ಮಾತು, ಯಾವ ಧ್ವನಿಮುದ್ರಣ ಎಂಬುದು. ಬೀಟಲ್ಸ್ ತಂಡದ ‘ರೆವಲ್ಯೂಷನ್’ ಎಂದು ಪಟ್ಟಿಯಲ್ಲಿ ಬರೆದರೆ ಸಾಲದು. 1968ರಲ್ಲಿ ‘ಹೇ ಜೂಡ್’ ತಟ್ಟೆಯ ಹಿಂಬದಿಯಲ್ಲಿ ಬಂದ, ಗಿಟಾರು ಹರಿದುಹೋಗುವಂತೆ ಗರ್ಜಿಸುವ ವೇಗದ ರೂಪ ಒಂದು. ಅದೇ ವರ್ಷದ ಬಿಳಿ ಹೊದಿಕೆಯ ಆಲ್ಬಮ್ಮಿನಲ್ಲಿರುವ ನಿಧಾನಗತಿಯ, ಆರಾಮವಾಗಿ ತೂಗಾಡುವ ರೂಪ ಇನ್ನೊಂದು. ಎರಡೂ ಪೂರ್ಣ, ಎರಡೂ ಪ್ರಾಮಾಣಿಕ, ಆದರೆ ರಾಕ್ ಸಂಕಲನಕ್ಕೆ ಬೇಕಾದದ್ದು ಮೊದಲನೆಯದು. ಚೀಪ್ ಟ್ರಿಕ್ ತಂಡದ ‘ಐ ವಾಂಟ್ ಯು ಟು ವಾಂಟ್ ಮಿ’ ಹಾಡು 1977ರಲ್ಲಿ ಸ್ಟುಡಿಯೋದಲ್ಲಿ ಮುದ್ರಣಗೊಂಡು ಬಂದಾಗ ಅಮೆರಿಕದಲ್ಲಿ ಯಾರ ಗಮನವನ್ನೂ ಸೆಳೆಯಲಿಲ್ಲ. ಮರುವರ್ಷ ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಜಪಾನಿನ ಅಭಿಮಾನಿಗಳು ಸಾಲುಸಾಲಿಗೂ ಕೂಗಿ ದನಿಗೂಡಿಸಿದ ಮುದ್ರಣವೇ 1979ರಲ್ಲಿ ಅಲ್ಲಿ ಏಳನೆಯ ಸ್ಥಾನಕ್ಕೇರಿತು. ಆ ಅಭಿಮಾನಿಗಳ ಕೂಗು ಈಗ ಹಾಡಿನ ಅಂಗವೇ ಆಗಿದೆ; ಅದನ್ನು ಬಿಟ್ಟು ಸ್ಟುಡಿಯೋದ ರೂಪವನ್ನು ಕೊಟ್ಟರೆ ಹೆಸರು ಅದೇ ಇರುತ್ತದೆ, ಹಾಡು ಬೇರೆಯಾಗಿರುತ್ತದೆ. ಲೇಖಕರು ‘ನೇರ ಕಛೇರಿಯ ಮುದ್ರಣಗಳು ಬೇಡ’ ಎಂದು ಒಂದೇ ವಾಕ್ಯದಲ್ಲಿ ತಳ್ಳಿಹಾಕಿರುವುದನ್ನು ಅವರು ಮರುಪರಿಶೀಲಿಸಬೇಕೆಂದು ಕೋರುತ್ತೇನೆ.

ಹಳೆಯ ಹಾಡನ್ನು ವರ್ಷಗಳ ನಂತರ ಮತ್ತೆ ಹಾಡಿಸಿ ಮುದ್ರಿಸಿದ್ದನ್ನು ಮಾತ್ರ ನಾನು ಎಂದೂ ಒಪ್ಪಲಾರೆ. ಮೂಲ ಕಲಾವಿದರ ಹಾಡುಗಳು ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದ ಸಂಕಲನವೊಂದನ್ನು ನಾನು ಕೊಂಡಿದ್ದೆ. ಮನೆಗೆ ತಂದು ಕೇಳಿದಾಗ ಡ್ರಮ್ಮಿನ ಸದ್ದೇ ಬೇರೆಯಾಗಿತ್ತು, ದನಿ ದಣಿದಿತ್ತು. ಹೊದಿಕೆಯ ಹಿಂದೆ, ಕಣ್ಣಿಗೆ ಬೀಳದಷ್ಟು ಚಿಕ್ಕ ಅಕ್ಷರಗಳಲ್ಲಿ, ಕೆಲವು ಹಾಡುಗಳು ಹೊಸದಾಗಿ ಮುದ್ರಿತವಾದವು ಎಂದಿತ್ತು. ಕೆಲವೊಮ್ಮೆ ಇದಕ್ಕೆ ಹಕ್ಕುಗಳ ತೊಡಕೂ ಕಾರಣವಾಗುತ್ತದೆ. 1981ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಸಂಕಲನವೊಂದಕ್ಕೆ 1973ರ ‘ಮನಿ’ ಹಾಡಿನ ಅಮೆರಿಕದ ಹಕ್ಕು ದೊರೆಯದೆ ಡೇವಿಡ್ ಗಿಲ್ಮೋರ್ ಅವರು ಅದನ್ನು ಮತ್ತೆ ಮುದ್ರಿಸಬೇಕಾಯಿತು. ಸ್ಯಾಕ್ಸೊಫೋನನ್ನು ಮೂಲದಲ್ಲಿ ನುಡಿಸಿದ್ದ ಡಿಕ್ ಪ್ಯಾರಿ ಅವರೇ ನುಡಿಸಿದರು, ಉಳಿದೆಲ್ಲ ವಾದ್ಯಗಳನ್ನೂ ಗಿಲ್ಮೋರ್ ತಾವೇ ನುಡಿಸಿದರು. ಅಚ್ಚುಕಟ್ಟಾದ ಕೆಲಸ, ಸಂದೇಹವಿಲ್ಲ. ಆದರೂ ಹಕ್ಕು ಸಿಗದಿದ್ದರೆ ಬೇರೆ ಹಾಡನ್ನು ಆರಿಸುವುದೇ ಮೇಲು. ಆ ತಂಡದಿಂದ ನಾನು ಆರಿಸುವುದು 1979ರ ‘ಕಂಫರ್ಟಬ್ಲಿ ನಂಬ್’. ಅವರ ಹಾಡುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಯಾವುದನ್ನು ಬಿಡಿಸಿ ತೆಗೆದರೂ ಅಂಚಿನಲ್ಲಿ ಗಾಯ ಉಳಿಯುತ್ತದೆ. ಇದು ಮಾತ್ರ ಮೂಲ ಜೋಡಿ ಎಲ್‌ಪಿಯ ಮೂರನೆಯ ಬದಿಯ ಕೊನೆಯ ಹಾಡು. ಗಿಟಾರಿನ ಎರಡನೆಯ ಸೋಲೊ, ಎಂದರೆ ಒಂಟಿ ವಾದನ, ತಾನಾಗಿಯೇ ದೂರ ಸರಿಯುತ್ತಾ ಕರಗುವುದರಿಂದ ಅಲ್ಲಿ ಕತ್ತರಿಗೆ ಕೆಲಸವಿಲ್ಲ.

ಇನ್ನು, ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡುಗಳಿಗೆ ಆದ್ಯತೆ ಕೊಡಬೇಕೆಂಬ ಲೇಖಕರ ಸೂತ್ರ. 2000ದಲ್ಲಿ ಬೀಟಲ್ಸ್ ತಂಡದ 27 ಹಾಡುಗಳ ‘ಒನ್’ ಸಂಕಲನವನ್ನು ಇದೇ ಸೂತ್ರದ ಮೇಲೆ ಮಾಡಲಾಯಿತು. ಬ್ರಿಟನ್ ಅಥವಾ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದ ಹಾಡುಗಳಿಗಷ್ಟೇ ಅದರಲ್ಲಿ ಪ್ರವೇಶ. 1967ರ ಫೆಬ್ರವರಿಯಲ್ಲಿ ಒಂದೇ ತಟ್ಟೆಯ ಎರಡು ಬದಿಗಳಲ್ಲಿ ಬಂದ ‘ಪೆನ್ನಿ ಲೇನ್’ ಅದರಲ್ಲಿದೆ, ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಇಲ್ಲ. ಆ ತಂಡ ಮಾಡಿದ್ದರಲ್ಲೇ ಅತ್ಯಂತ ಧೈರ್ಯದ ಧ್ವನಿಮುದ್ರಣವೊಂದು ಸೂತ್ರದ ಸಂದಿಯಲ್ಲಿ ಜಾರಿಹೋಯಿತು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ಐದು ಸಿಂಗಲ್‌ಗಳು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಬಂದವು, ಒಂದೂ ಮೊದಲ ಸ್ಥಾನ ಮುಟ್ಟಲಿಲ್ಲ. ಅಮೆರಿಕದ ಪಟ್ಟಿಯನ್ನಷ್ಟೇ ನೋಡಿದರೆ ಆ ಸೂತ್ರದ ಪ್ರಕಾರ ಇಡೀ ತಂಡವೇ ಹೊರಗೆ. ಅವರ ‘ಫಾರ್ಚುನೇಟ್ ಸನ್’ ಇಲ್ಲದೆ 1969ರ ಅಮೆರಿಕದ ಯುವಕರ ಕೋಪವನ್ನು, ಯಾರ ಮಕ್ಕಳು ವಿಯೆಟ್ನಾಂ ಯುದ್ಧಕ್ಕೆ ಹೋದರು, ಯಾರ ಮಕ್ಕಳು ಉಳಿದುಕೊಂಡರು ಎಂಬ ಆ ನೇರ ಪ್ರಶ್ನೆಯನ್ನು, ಯಾವ ಹಾಡಿನಿಂದ ಕೇಳಿಸುತ್ತೀರಿ? ಅದು ಎರಡೂಕಾಲು ನಿಮಿಷದ ಹಾಡು ಎಂಬುದನ್ನೂ ಹೇಳಿಬಿಡುತ್ತೇನೆ. ಉದ್ದದ ಮೋಹ ನನಗಿಲ್ಲ, ಪೂರ್ಣತೆಯ ಆಗ್ರಹವಿದೆ.

ಜಾಗದ ಅಭಾವದಿಂದ ಆದ ನಷ್ಟಕ್ಕೆ ಫ್ಲೀಟ್‌ವುಡ್ ಮ್ಯಾಕ್ ತಂಡದ ಉದಾಹರಣೆ ಸಾಕು. 1977ರ ‘ರೂಮರ್ಸ್’ ಆಲ್ಬಮ್ಮಿಗೆ ಸ್ಟೀವಿ ನಿಕ್ಸ್ ಬರೆದ ‘ಸಿಲ್ವರ್ ಸ್ಪ್ರಿಂಗ್ಸ್’ ಹಾಡು ಎಲ್‌ಪಿಯ ಬದಿಯಲ್ಲಿ ಹಿಡಿಸದೆ ಹೊರಗುಳಿದು, ‘ಗೋ ಯುವರ್ ಓನ್ ವೇ’ ತಟ್ಟೆಯ ಹಿಂಬದಿಗೆ ಹೋಯಿತು. ಅದಕ್ಕೆ ತಕ್ಕ ಮನ್ನಣೆ ದೊರೆಯಲು ಇಪ್ಪತ್ತು ವರ್ಷ ಬೇಕಾಯಿತು. ಹಾಗಿದ್ದೂ ಆ ತಂಡದಿಂದ ಒಂದೇ ಹಾಡೆಂದರೆ ನಾನು ‘ದ ಚೈನ್’ ಎನ್ನುತ್ತೇನೆ. ಆ ಆಲ್ಬಮ್ಮಿನಲ್ಲಿ ಐವರು ಸದಸ್ಯರ ಹೆಸರೂ ರಚನಕಾರರಾಗಿ ಇರುವ ಹಾಡು ಅದೊಂದೇ. ಬೇರೆ ಬೇರೆ ತುಣುಕುಗಳನ್ನು ಟೇಪಿನಲ್ಲಿ ಅಂಟಿಸಿ ಕಟ್ಟಿದ ಆ ಹಾಡಿನಲ್ಲಿ ಎಲ್ಲ ಸದ್ದೂ ಅಡಗಿದ ಮೇಲೆ ಜಾನ್ ಮೆಕ್‌ವೀ ಅವರ ಬೇಸ್ ಗಿಟಾರು ಒಂಟಿಯಾಗಿ ಎದ್ದು ಬರುವ ಕ್ಷಣವನ್ನು ಒಮ್ಮೆ ಕೇಳಿದವರು ಮರೆಯಲಾರರು.

ಈಗ ‘ಸ್ಟೇರ್‌ವೇ ಟು ಹೆವನ್’ ವಿಷಯ. ನಾನು ಹೇಳಹೊರಟಿರುವುದು ಹಲವರಿಗೆ ಸಿಟ್ಟು ತರಿಸಬಹುದೆಂದು ಬಲ್ಲೆ. ನನ್ನ ಸಂಕಲನದಲ್ಲಿ ಆ ಹಾಡು ಇರುವುದಿಲ್ಲ. ಅದು ಚೆನ್ನಾಗಿಲ್ಲ ಎಂದಲ್ಲ. ಕೊಳಲಿನಂಥ ರೆಕಾರ್ಡರ್ ವಾದ್ಯದಿಂದ ಮೆಲ್ಲಗೆ ಎದ್ದು, ಡ್ರಮ್ಸ್ ಬರುವ ಹೊತ್ತಿಗೆ ನಾಲ್ಕು ನಿಮಿಷ ದಾಟಿ, ಕೊನೆಗೆ ಶಿಖರಕ್ಕೇರುವ ಆ ಕಟ್ಟಡ ರಾಕ್ ಸಂಗೀತದಲ್ಲೇ ಅಪರೂಪದ್ದು. ಆ ದಿನಗಳಲ್ಲಿ ಅದನ್ನು ಅಮೆರಿಕದಲ್ಲಿ ಮಾರಾಟದ ಸಿಂಗಲ್ ಆಗಿ ಬಿಡದೆ ಹೋದದ್ದೂ ನನ್ನ ವಾದಕ್ಕೆ ಪೂರಕವೇ, ಏಕೆಂದರೆ ಅದು ಬೇಕಾದವರು ಇಡೀ ಆಲ್ಬಮ್ ಕೊಂಡು ಅಲ್ಲೇ ಕೇಳಬೇಕಾಯಿತು. ಆದರೆ ಒಂದು ತಂಡಕ್ಕೆ ಒಂದೇ ಹಾಡು ಎಂದು ಇಟ್ಟುಕೊಂಡರೆ, ಆ ಹಾಡು ತಂಡದ ಬಗ್ಗೆಯೂ ಆ ಕಾಲದ ಬಗ್ಗೆಯೂ ಅತಿ ಹೆಚ್ಚು ಹೇಳುವಂಥದ್ದಾಗಿರಬೇಕು. ಅದೇ 1971ರ ಆಲ್ಬಮ್ಮಿನ ಕೊನೆಯ ಹಾಡಾದ ‘ವೆನ್ ದ ಲೆವಿ ಬ್ರೇಕ್ಸ್’ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. 1927ರ ಮಿಸಿಸಿಪ್ಪಿ ನದಿಯ ಮಹಾಪ್ರವಾಹದ ನೆನಪಿನಲ್ಲಿ ಕಪ್ಪು ಜನಾಂಗದ ಬ್ಲೂಸ್ ಕಲಾವಿದರಾದ ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮೆಕಾಯ್ 1929ರಲ್ಲಿ ಹಾಡಿದ್ದು ಅದರ ಮೂಲ. ಲೆಡ್ ಜೆಪ್ಲಿನ್ ಅದನ್ನು ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ ಮುದ್ರಿಸಿತು. ಜಾನ್ ಬಾನಮ್ ಅವರ ಡ್ರಮ್ಸ್ ಅನ್ನು ಹಜಾರದಲ್ಲಿಟ್ಟು, ಮೈಕುಗಳನ್ನು ಮೇಲೆ ಮೆಟ್ಟಿಲ ಬಳಿ ಇಳಿಬಿಟ್ಟು ಹಿಡಿದ ಆ ಸದ್ದಿನಲ್ಲಿ ಮನೆಯ ಗೋಡೆಗಳೂ ಡ್ರಮ್ಮಿನ ಭಾಗವಾಗಿ ಮೊಳಗುತ್ತವೆ. ಆ ತಾಳವನ್ನು 1980ರ ದಶಕದಿಂದ ಹಿಪ್‌ಹಾಪ್ ಕಲಾವಿದರು ಎತ್ತಿಕೊಂಡು ತಮ್ಮ ಹಾಡುಗಳಿಗೆ ತಳಪಾಯವಾಗಿಸಿದರು. ಬ್ಲೂಸಿನ ಋಣ, ಸ್ಟುಡಿಯೋದ ಕೈಚಳಕ, ಮುಂದಿನ ಪೀಳಿಗೆಗೆ ಹರಿದ ಧಾರೆ, ಮೂರೂ ಏಳು ನಿಮಿಷಗಳಲ್ಲಿವೆ. ‘ಸ್ಟೇರ್‌ವೇ’ ಹಾಡನ್ನು ಹೊಸ ಕೇಳುಗ ಹೇಗಿದ್ದರೂ ಕೇಳಿಯೇ ಕೇಳುತ್ತಾನೆ. ಇದನ್ನು ಯಾರಾದರೂ ಅವನ ಕೈಗಿಡಬೇಕು.

ಋಣದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ರಚನಕಾರರ ಹೆಸರುಗಳನ್ನು ಹೊದಿಕೆಯ ಮೇಲೆ ಓದಲು ಬರುವಷ್ಟು ದೊಡ್ಡದಾಗಿ ಅಚ್ಚು ಹಾಕಬೇಕು. ಅದೇ ತಂಡದ 1969ರ ‘ಹೋಲ್ ಲಾಟ ಲವ್’ ಹಾಡಿನ ಸಾಲುಗಳು ಬ್ಲೂಸ್ ರಚನಕಾರ ವಿಲ್ಲಿ ಡಿಕ್ಸನ್ ಅವರದೆಂಬ ಮೊಕದ್ದಮೆ 1985ರಲ್ಲಿ ಹೂಡಲಾಗಿ, ಎರಡು ವರ್ಷಗಳ ನಂತರ ರಾಜಿಯಲ್ಲಿ ಮುಗಿಯಿತು. ಅವರ ಹೆಸರು ಹಾಡಿಗೆ ಸೇರಿದ್ದು ಆ ಮೇಲೆಯೇ. ಸಾಂಟಾನ ತಂಡದ 1970ರ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಅನ್ನು ಬರೆದವರು ಫ್ಲೀಟ್‌ವುಡ್ ಮ್ಯಾಕ್ ತಂಡದ ಸ್ಥಾಪಕರಾದ ಪೀಟರ್ ಗ್ರೀನ್ ಎಂದು ಎಷ್ಟು ಜನರಿಗೆ ತಿಳಿದಿದೆ? ಅದರ ಸಿಂಗಲ್ ರೂಪದಲ್ಲಿ ಕಳಚಿಹೋಗಿರುವ ‘ಜಿಪ್ಸಿ ಕ್ವೀನ್’ ಭಾಗವನ್ನು, ಗಾಬೋರ್ ಸಾಬೋ ಅವರ ಆ ರಚನೆಯನ್ನು, ಆಲ್ಬಮ್ಮಿನಲ್ಲಿದ್ದಂತೆ ಜೊತೆಗೇ ಕೇಳಿಸಬೇಕು.

ತಮ್ಮ ಪುರವಣಿಯ 40 ಹಾಡುಗಳಲ್ಲಿ ಹೆಣ್ಣುದನಿ ಎರಡೇ ಕಡೆ ಕೇಳಿಸುತ್ತದೆ ಎಂಬುದು ನನಗೆ ನೋವು ತಂದಿತು. ಜೆಫರ್ಸನ್ ಏರ್‌ಪ್ಲೇನ್ ತಂಡದ 1967ರ ‘ವೈಟ್ ರ್ಯಾಬಿಟ್’ನಲ್ಲಿ ಗ್ರೇಸ್ ಸ್ಲಿಕ್ ಅವರ ದನಿ ಎರಡೂವರೆ ನಿಮಿಷಗಳ ಕಾಲ ಒಂದೇ ಸಮನೆ ಏರುತ್ತಲೇ ಹೋಗುತ್ತದೆ, ಒಮ್ಮೆಯೂ ಕೆಳಗಿಳಿಯುವುದಿಲ್ಲ. ಅರ್ಮಾ ಫ್ರ್ಯಾಂಕ್ಲಿನ್ ಅವರು 1967ರಲ್ಲಿ ಹಾಡಿದ್ದ ‘ಪೀಸ್ ಆಫ್ ಮೈ ಹಾರ್ಟ್’ ಅನ್ನು ಮರುವರ್ಷ ಜಾನಿಸ್ ಜಾಪ್ಲಿನ್ ತಮ್ಮದಾಗಿಸಿಕೊಂಡ ಬಗೆ, ಹಾರ್ಟ್ ತಂಡದ 1977ರ ‘ಬ್ಯಾರಕೂಡ’ದಲ್ಲಿ ತಮ್ಮನ್ನೂ ತಮ್ಮ ತಂಗಿಯನ್ನೂ ಕುರಿತು ಬಂದ ಕೀಳು ಜಾಹೀರಾತಿಗೆ ಆ್ಯನ್ ವಿಲ್ಸನ್ ಕೊಟ್ಟ ಉತ್ತರ, ಇವುಗಳನ್ನು ‘ಜಾಗವಿದ್ದರೆ ಸೇರಿಸೋಣ’ ಎನ್ನುವ ಸಾಲಿಗೆ ತಳ್ಳಲಾಗದು. ರೋಲಿಂಗ್ ಸ್ಟೋನ್ಸ್ ತಂಡದಿಂದ ಹಲವರು ಕೇಳಿರುವ ‘ಸ್ಯಾಟಿಸ್‌ಫ್ಯಾಕ್ಷನ್’ ಬದಲು ನಾನು 1969ರ ‘ಗಿಮ್ಮಿ ಶೆಲ್ಟರ್’ ಕೇಳುವುದೂ ಇದೇ ಕಾರಣಕ್ಕೆ. ರಾತ್ರೋರಾತ್ರಿ ಸ್ಟುಡಿಯೋಗೆ ಕರೆಸಿಕೊಂಡ, ಆಗ ತುಂಬು ಗರ್ಭಿಣಿಯಾಗಿದ್ದ ಮೆರಿ ಕ್ಲೇಟನ್ ಅವರ ದನಿ ಆ ಹಾಡಿನಲ್ಲಿ ಮೇಲಕ್ಕೇರಿ ಏರಿ ಒಂದು ಕಡೆ ಒಡೆಯುತ್ತದೆ. ಆ ಒಡಕನ್ನು ತಿದ್ದದೆ ಹಾಗೆಯೇ ಉಳಿಸಿದ್ದರಿಂದಲೇ ಹಾಡು ಇಂದಿಗೂ ಮೈನವಿರೇಳಿಸುತ್ತದೆ. ಕಪ್ಪು ಜನಾಂಗದ ಕಲಾವಿದರ ಪೈಕಿ ಜಿಮಿ ಹೆಂಡ್ರಿಕ್ಸ್ ಒಬ್ಬರನ್ನೇ ಸೇರಿಸಿ ಕೈತೊಳೆದುಕೊಳ್ಳುವ ಅಭ್ಯಾಸವೂ ನಿಲ್ಲಬೇಕು. ಫಂಕಡೆಲಿಕ್ ತಂಡದ 1971ರ ‘ಮ್ಯಾಗಟ್ ಬ್ರೇನ್’ನಲ್ಲಿ ಎಡ್ಡಿ ಹೇಜಲ್ ಅವರ ಗಿಟಾರು ಹತ್ತು ನಿಮಿಷ ಅಳುತ್ತದೆ. ಅದಕ್ಕಾಗಿ ಎರಡು ಮೂರು ಜನಪ್ರಿಯ ಹಾಡುಗಳ ಜಾಗವನ್ನು ಬಿಟ್ಟುಕೊಡಲು ನಾನು ಸಿದ್ಧ.

ಜನಪ್ರಿಯವಾದದ್ದನ್ನೇ ಕಲೆಹಾಕುವುದು ಸಂಕಲನದ ಕೆಲಸವೆಂದು ತಿಳಿದವರು 1972ರಲ್ಲಿ ಲೆನ್ನಿ ಕೇ ಎಂಬವರು ಎಲೆಕ್ಟ್ರಾ ಕಂಪನಿಗೆ ಮಾಡಿಕೊಟ್ಟ ‘ನಗೆಟ್ಸ್’ ಎಂಬ ಜೋಡಿ ಎಲ್‌ಪಿಯನ್ನು ನೋಡಬೇಕು. 1965ರಿಂದ 1968ರವರೆಗೆ ಅಮೆರಿಕದ ಸಣ್ಣಪುಟ್ಟ ತಂಡಗಳು ಮಾಡಿದ, ಕೆಲವೇ ವರ್ಷಗಳಲ್ಲಿ ಮರೆವಿಗೆ ಸರಿಯತೊಡಗಿದ್ದ 27 ಹಾಡುಗಳನ್ನು ಅವರು ಹುಡುಕಿ ಒಂದೆಡೆ ಇಟ್ಟರು. ಆ ಒರಟು ಸದ್ದಿಗೆ ತಮ್ಮ ಟಿಪ್ಪಣಿಯಲ್ಲಿ ‘ಪಂಕ್ ರಾಕ್’ ಎಂಬ ಮಾತನ್ನು ಬಳಸಿದರು. ಮುಂದೆ ಕೆಲವೇ ವರ್ಷಗಳಲ್ಲಿ ಆ ಹೆಸರಿನ ಚಳವಳಿಯೇ ಎದ್ದಿತು. ಅದೇ ಲೆನ್ನಿ ಕೇ 1975ರಲ್ಲಿ ಪ್ಯಾಟಿ ಸ್ಮಿತ್ ಅವರ ‘ಗ್ಲೋರಿಯಾ’ದಲ್ಲಿ ಗಿಟಾರು ನುಡಿಸಿದ್ದಾರೆ. ವ್ಯಾನ್ ಮಾರಿಸನ್ ಬರೆದ, 1964ರಲ್ಲಿ ಹೊರಬಂದ ಹಾಡನ್ನು ಒಳಗಿನಿಂದ ಬಗೆದು ಹೊಸದಾಗಿ ಕಟ್ಟಿದ ಆ ಧ್ವನಿಮುದ್ರಣ ನನ್ನ ಪಟ್ಟಿಯಲ್ಲಿ ಖಂಡಿತ ಇದೆ.

ಕಾಲದ ಗಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1965ರಿಂದ 1980ರವರೆಗೆ ಎಂದಿಟ್ಟುಕೊಂಡರೆ ಸಾಕು. ಚಕ್ ಬೆರಿ ಇಲ್ಲದೆ ಇವರಾರೂ ಇಲ್ಲ ಎಂಬುದು ನಿಜವಾದರೂ ಅವರ 1950ರ ದಶಕಕ್ಕೆ ಬೇರೆಯದೇ ಸಂಕಲನ ಸಲ್ಲಬೇಕು. 1980ರ ಜುಲೈಯಲ್ಲಿ ಎಸಿ/ಡಿಸಿ ತಂಡದ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂತು, ಸೆಪ್ಟೆಂಬರಿನಲ್ಲಿ ಬಾನಮ್ ತೀರಿಕೊಂಡರು, ವರ್ಷ ಮುಗಿಯುವುದರೊಳಗೆ ಲೆಡ್ ಜೆಪ್ಲಿನ್ ಕೊನೆಗೊಂಡಿತು. ಗೆರೆ ಎಳೆಯಲು ಅದಕ್ಕಿಂತ ಸೂಕ್ತ ಜಾಗ ನನಗೆ ಕಾಣುವುದಿಲ್ಲ. ಹಕ್ಕುಗಳ ತೊಡಕೂ ಇದ್ದೇ ಇರುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದ ಆರಂಭದ ಹಾಡುಗಳು ಒಂದು ಕಂಪನಿಯ ಬಳಿ, ನಂತರದವು ಬೇರೆಡೆ ಇದ್ದುದರಿಂದ ಎರಡೂ ಕಾಲದ ಹಾಡುಗಳು ಒಂದೇ ಸಂಕಲನದಲ್ಲಿ ಬರಲು 2002ರವರೆಗೆ ಕಾಯಬೇಕಾಯಿತು. ಕ್ವೀನ್ ತಂಡದ 1981ರ ‘ಗ್ರೇಟೆಸ್ಟ್ ಹಿಟ್ಸ್’ ಕೂಡ ಬ್ರಿಟನ್ನಿನಲ್ಲಿ ಒಂದು ಬಗೆ, ಅಮೆರಿಕದಲ್ಲಿ ಇನ್ನೊಂದು ಬಗೆ. ಡೇವಿಡ್ ಬೋವಿ ಜೊತೆ ಹಾಡಿದ ‘ಅಂಡರ್ ಪ್ರೆಷರ್’ ಇದ್ದದ್ದು ಅಮೆರಿಕದ ತಟ್ಟೆಯಲ್ಲಿ ಮಾತ್ರ. ಸಿಗಲಾರದ ಹಾಡಿನ ಬಗ್ಗೆ ಜಗಳಾಡಿ ಫಲವಿಲ್ಲ, ಆದರೆ ಸಿಗುವುದನ್ನು ಹಾಳುಮಾಡದಿರುವುದು ನಮ್ಮ ಕೈಯಲ್ಲಿದೆ.

ಹೀಗೆ ಸರಾಸರಿ 6 ನಿಮಿಷದಂತೆ ಲೆಕ್ಕ ಹಾಕಿದರೆ ಎರಡು ಸಿ.ಡಿ.ಗಳಲ್ಲಿ 26 ಹಾಡುಗಳು 156 ನಿಮಿಷಕ್ಕೆ ಸರಿಯಾಗಿ ಕೂರುತ್ತವೆ. ಅವುಗಳನ್ನು ವರ್ಷವಾರು ಜೋಡಿಸಬೇಕೆಂಬ ಲೇಖಕರ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ಎಲ್‌ಪಿ ತಟ್ಟೆಯಲ್ಲಿ ಮುಳ್ಳು ಒಳಗಿನ ಸುತ್ತುಗಳಿಗೆ ಸರಿದಂತೆ ಪ್ರತಿ ಸೆಕೆಂಡಿಗೆ ಸಿಗುವ ಗೀರಿನ ಉದ್ದ ಕಡಿಮೆಯಾಗಿ ಸದ್ದು ಕೆಡುವುದರಿಂದ, ಅಬ್ಬರದ ಹಾಡನ್ನು ಬದಿಯ ಮೊದಲಿಗೂ ಮೆಲುದನಿಯ ಹಾಡನ್ನು ಕೊನೆಗೂ ಇಡುವ ರೂಢಿ ಬೆಳೆದಿತ್ತು. ಸಿ.ಡಿ.ಗೆ ಆ ಕಷ್ಟವಿಲ್ಲ, ಆದರೆ ಕಿವಿಗೆ ಆ ರೂಢಿ ಈಗಲೂ ಹಿತ. ಮೊದಲ ಸಿ.ಡಿ. ‘ಲೈಕ್ ಎ ರೋಲಿಂಗ್ ಸ್ಟೋನ್’ ಹಾಡಿನ ಆ ಡ್ರಮ್ಮಿನ ಒಂದೇ ಪೆಟ್ಟಿನಿಂದ, ಗಿಟಾರು ನುಡಿಸಲೆಂದು ಬಂದಿದ್ದ ಅಲ್ ಕೂಪರ್ ಆರ್ಗನ್ ಮುಂದೆ ಕುಳಿತು ಅರೆಗಳಿಗೆ ತಡವಾಗಿ ಹಿಂಬಾಲಿಸುವ ಆ ಸ್ವರಗಳಿಂದ ತೆರೆದುಕೊಳ್ಳಲಿ. ಎರಡನೆಯ ಸಿ.ಡಿ.ಯ ಕೊನೆಗೆ ‘ಲೈಲಾ’ ಇರಲಿ, ಏಳೂ ನಿಮಿಷ. ಪಿಯಾನೋ ನಿಂತ ಮೇಲೆ ಡ್ವೇನ್ ಆಲ್‌ಮನ್ ತಮ್ಮ ಗಿಟಾರಿನಲ್ಲಿ ಹಕ್ಕಿಯೊಂದರ ಕೂಗನ್ನು ಹೊರಡಿಸುತ್ತಾರೆ. ಸಂಕಲನ ಮಾಡುವವರು ಆ ಹಕ್ಕಿ ಕೂಗಿ ಮುಗಿಸುವವರೆಗೆ ಸದ್ದನ್ನು ತಗ್ಗಿಸದಿರಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ